ಒಬ್ಬಳೇ ಮಡಚಿದ ಹಾಳೆ

ಇಸವಿ ಎರಡು ಸಾವಿರದ ಮುನ್ನೂರ ಹತ್ತೊಂಬತ್ತು, ಗಾಳಿ ತಿಂಗಳು, ಹುಣ್ಣಿಮೆಯ ಮರುದಿನ
ಕಪ್ಪತಗುಡ್ಡ, ಹೆಣ್ಣುಮಕ್ಕಳ ಹಾಸ್ಟೆಲಿನ ಹಿಂದೆ ಬಟ್ಟೆ ಒಣಹಾಕುವ ಬಯಲು

ಹಿಂದಿನವರಿಗೆ,

ಮೊದಲಿಗೆ ಸಾರಿ. ಗಾಳಿ ತಿಂಗಳು ಅಂತ ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ತೀರಾ ಉದ್ದವಾಯಿತು ಅಂತ ನಮ್ಮ ಹಿರಿಯರು ಅದನ್ನು ಸೀಳಿ, ಗಾಳಿ ಬೀಸುವ ಕೊನೆಯ ತುಂಡಿಗೆ ಬೇರೆ ಹೆಸರಿಟ್ಟು ಹದಿಮೂರನೇ ತಿಂಗಳು ಮಾಡಿಕೊಂಡರು. ನನ್ನ ಮಾತೂ ನಿಮಗೆ ವಿಚಿತ್ರ ಅನಿಸಬಹುದು. ನಾನು ಆರನೇ ವಯಸ್ಸಿನಿಂದ ಹಾಸ್ಟೆಲುಗಳಲ್ಲೇ ಬೆಳೆದವಳು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷು, ಉಳಿದರ್ಧ ಆಯಾ ವರ್ಷ ಯಾವ ಊರಿನ ರೂಮ್‌ಮೇಟ್ ಸಿಕ್ಕಳೋ ಆ ಊರಿನದು. ನಿಮ್ಮ ಕಾಲದ ಕನ್ನಡ ನಮಗೆ ಫಸ್ಟ್ ಇಯರಿನಲ್ಲಿ ಒಂದು ಪೇಪರ್. ಅದರಲ್ಲಿ ನಾನು ಜಸ್ಟ್ ಪಾಸ್. ನೀವು ಅಕ್ಕನೋ, ಅಣ್ಣನೋ, ಅಜ್ಜನೋ ಗೊತ್ತಿಲ್ಲ. ಕುರಿ ಮೇಯಿಸುತ್ತ ಗುಡ್ಡ ಹತ್ತಿದವರೋ, ಗಾಳಿಯಿಂದ ಕರೆಂಟು ಮಾಡುವ ಆ ದೊಡ್ಡ ಫ್ಯಾನ್ ರಿಪೇರಿಗೆ ಬಂದವರೋ. ಯಾರಾದರೂ ಸರಿ, ಬಗ್ಗಿ ಈ ಹಾಳೆ ಎತ್ತಿಕೊಂಡಿದ್ದಕ್ಕೆ ಥ್ಯಾಂಕ್ಸ್. ನನ್ನ ಹೆಸರು ದಾಕ್ಷಾಯಣಿ.

ನಿಮ್ಮ ಫ್ಯಾನುಗಳು ಇನ್ನೂ ಇಲ್ಲೇ ಇವೆ. ತಿರುಗುವುದನ್ನು ಯಾವಾಗಲೋ ಬಿಟ್ಟಿವೆ. ರೆಕ್ಕೆಗಳ ಮೇಲೆ ಬಳ್ಳಿ ಹಬ್ಬಿ, ಬಳ್ಳಿಯೊಳಗೆ ಗಿಳಿಗಳು ಮನೆ ಮಾಡಿವೆ. ಗಾಳಿ ಜೋರಾದಾಗ ಒಂದೊಂದು ರೆಕ್ಕೆ ನಿದ್ದೆಯಲ್ಲಿ ಮಗ್ಗುಲಾದ ಹಾಗೆ ಒಂದು ಗೇಣು ಸರಿದು ಮತ್ತೆ ನಿಲ್ಲುತ್ತದೆ. ಆಗ ಗಿಳಿಗಳೆಲ್ಲ ಒಟ್ಟಿಗೆ ಎದ್ದು, ಬೈದು, ಮತ್ತೆ ಕೂರುತ್ತವೆ. ಈ ಫ್ಯಾನುಗಳ ಸಾಲಿನ ಬುಡದಲ್ಲೇ ನಮ್ಮ ಹಾಸ್ಟೆಲು. ನಾನು ಕೂತಿರುವ ಬಯಲಿನಲ್ಲಿ ಹಗ್ಗಗಳ ತುಂಬ ಬಿಳಿ ಹಾಸಿಗೆ ಬಟ್ಟೆಗಳು ಉಬ್ಬಿಕೊಂಡು ಹಾರಾಡುತ್ತಿವೆ. ಅವನ್ನು ಮಡಚುವವರು ಮಾತ್ರ ಈಗ ಯಾರೂ ಇಲ್ಲ. ಅದರ ಕಥೆಯನ್ನೇ ಹೇಳಬೇಕು.

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಒಂದು ಸೀರಮ್ ಬರುತ್ತದೆ. ನಾವು ಅದನ್ನು ಹನಿ ಅಂತೀವಿ. ನಾಲಿಗೆಯ ಮೇಲೆ ಒಂದೇ ತೊಟ್ಟು, ಸುಟ್ಟ ಹುಣಸೆಕಾಯಿಯ ರುಚಿ. ಯಾರು ಹಾಕಿಸಿಕೊಂಡರೂ, ಮನುಷ್ಯರಿಗೆ ಮೊದಲು ಇರದಿದ್ದ ಒಂದು ಶಕ್ತಿ ಬರುತ್ತದೆ. ಅದಕ್ಕೆ ನಾವು ಗುಣ ಅನ್ನುತ್ತೇವೆ. ಮೊದಮೊದಲು ಹಾಕಿಸಿಕೊಂಡವರು ಮೈಗಂಟುವ ಡ್ರೆಸ್ ಹೊಲಿಸಿಕೊಂಡು, ಈಗ ಹಾರುತ್ತೇವೆ, ಇನ್ನೇನು ಹಾರುತ್ತೇವೆ ಅಂತ ಮಾಳಿಗೆಯ ಮೇಲೆ ನಿಂತು ಕಾದರಂತೆ. ಸಂಜೆಯವರೆಗೆ ಕಾದು ಊಟಕ್ಕೆ ಇಳಿದು ಬಂದರಂತೆ. ಗುಣ ಹಾಗೆ ಬರುವುದಿಲ್ಲ. ನಮ್ಮ ಕ್ಲಾಸಿನ ಒಬ್ಬಳ ನೆರಳು ಮಣ್ಣಿನ ಗಡಿಗೆಯಂತೆ ತಂಪು, ಮಧ್ಯಾಹ್ನ ಎಲ್ಲರೂ ಅವಳ ಹಿಂದೆ ಸಾಲಾಗಿ ನಡೆಯುತ್ತೇವೆ. ಕೆಮಿಸ್ಟ್ರಿ ಸರ್ ಒಟ್ಟಿಗೆ ಎರಡು ಕ್ಲಾಸ್‌ರೂಮಿನಲ್ಲಿ ಇರಬಲ್ಲರು, ಎರಡರಲ್ಲೂ ಅದೇ ನೆಗಡಿ. ನಮ್ಮ ವಾರ್ಡನ್ ರುದ್ರಕ್ಕ ಬಾಗಿಲು ಮುಟ್ಟಿದರೆ ಸಾಕು, ಒಳಗೆ ಎಷ್ಟು ಜನ ಮಲಗಿದ ನಾಟಕ ಆಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ನನ್ನ ರೂಮಿನ ಶಶಿರೇಖಾ ನಿದ್ದೆ ಹತ್ತಿದ ಕೂಡಲೇ ಹಾಸಿಗೆಯಿಂದ ಮೇಲೇಳುತ್ತಾಳೆ. ಅವಳನ್ನು ಓಢಣಿಯಿಂದ ಮಂಚಕ್ಕೆ ಕಟ್ಟುವುದು ನಮ್ಮ ಕೆಲಸ. "ಬಿಗಿ ಕಟ್ಟ್ರೇ, ನಿನ್ನೆ ತಲಿ ಮಾಳಗಿಗೆ ಬಡದೈತಿ," ಅಂತ ಗೊಣಗುತ್ತಲೇ ತೇಲುತ್ತಾಳೆ. ನೋಡಲು ತುಂಬ ಚೆಂದ. ನೀರಿನ ಮೇಲೆ ತಾವರೆ ಎಲೆ ಇದ್ದ ಹಾಗೆ, ಸುಮ್ಮನೆ, ಯಾವ ಪ್ರಯತ್ನವೂ ಇಲ್ಲದೆ.

ಇಷ್ಟು ಚೆಂದದ ಲೋಕದಲ್ಲಿ ನಿನಗೇನು ಟೆನ್ಶನ್ ಅಂತ ಕೇಳಬಹುದು. ಟೆನ್ಶನ್ ಇರುವುದು ಗುರ್ತಿನಲ್ಲಿ. ತನ್ನ ಗುಣ ಇಂಥದ್ದು ಅಂತ ಯಾರೂ ತಾನೇ ಹೇಳಿಕೊಳ್ಳುವ ಹಾಗಿಲ್ಲ. ಹಿಂದೆ ಎಲ್ಲರೂ ಸುಳ್ಳು ಸುಳ್ಳೇ ಹೇಳಿಕೊಂಡು ಊರೆಲ್ಲ ಗದ್ದಲವಾಯಿತಂತೆ, ಅದಕ್ಕೆ ಈ ಪದ್ಧತಿ. ಜೊತೆಗಿರುವವರು ಗಮನಿಸಬೇಕು. ಗಮನಿಸಿದವರು ಊಟದ ಹೊತ್ತಿನಲ್ಲಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಬೇಕು. ಹಾಗೆ ಕೂಗಿದ್ದೇ ಗುರ್ತು, ಕೂಗಿದ ಮೇಲೆ ಅದು ಖಾಯಂ. ಫಸ್ಟ್ ಇಯರಿಗೆ ಸೇರಿದ ದಿನ ನಮಗೆಲ್ಲ ಹನಿ ಹಾಕಿದರು. ಒಬ್ಬೊಬ್ಬರದೇ ಕೂಗಿದರು. ಕೊನೆಗೆ ಗುರ್ತಿಲ್ಲದವರು ಇಬ್ಬರೇ ಉಳಿದೆವು, ನಾನು ಮತ್ತು ನನ್ನ ಇನ್ನೊಬ್ಬ ರೂಮ್‌ಮೇಟ್, ಲಕ್ಕುಂಡಿಯ ಮೆಹಜಬೀನ್. ಇಬ್ಬರೂ ಅಡ್ಜಸ್ಟ್ ಮಾಡಿಕೊಂಡು, ಒಬ್ಬರನ್ನೊಬ್ಬರು ಗುಟ್ಟಾಗಿ ಗಮನಿಸುತ್ತ, ಏನೂ ಕಾಣದೆ ಬೇಜಾರಾಗುತ್ತ ಇದ್ದೆವು. ನೀನು ಉಗುಳಿದರೆ ಗಿಡ ಹುಟ್ಟುತ್ತಾವೇನ ನೋಡು ಅಂದಳು ಒಮ್ಮೆ. ಕಿಟಕಿಯಿಂದ ಉಗುಳಿದೆ. ಕೆಳಗೆ ರುದ್ರಕ್ಕ ಇದ್ದರು.

ಗುರ್ತಿಲ್ಲದವರಿಗೆ ಬಟ್ಟೆ ಮಡಚುವ ಡ್ಯೂಟಿ. ಹಾಸ್ಟೆಲಿನ ಹಾಸಿಗೆ ಬಟ್ಟೆ ದೊಡ್ಡದು, ಒಬ್ಬರಿಗೆ ಆಗದು. ಅವಳು ಎರಡು ಮೂಲೆ, ನಾನು ಎರಡು ಮೂಲೆ ಹಿಡಿದು, ಎಳೆದು, ಝಾಡಿಸಿ, ಹತ್ತಿರ ಬಂದು ಮೂಲೆ ಕೂಡಿಸಿ, ಮತ್ತೆ ದೂರ ಹೋಗಿ. ಒಂದು ಬಗೆಯ ಕುಣಿತವೇ ಅದು. ಡ್ಯೂಟಿಯ ಮೊದಲ ದಿನವೇ ಹೀಗೆ ಮಡಚಿದ ಬಟ್ಟೆ ನಮ್ಮಿಬ್ಬರ ಕೈ ನಡುವೆಯೇ ಇಲ್ಲವಾಯಿತು. ಹಾರಲಿಲ್ಲ, ಬೀಳಲಿಲ್ಲ. ಇತ್ತು, ಇಲ್ಲ. ಸ್ವಲ್ಪ ಬಿಸಿಲಿನ ವಾಸನೆ ಮಾತ್ರ ಉಳಿಯಿತು. ಇನ್ನೊಂದು ಮಡಚಿದೆವು, ಅದೂ ಹೋಯಿತು. ಸೀನಿಯರ್ ಗಂಗವ್ವ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಕಡೆ ಮುಖ ಇದ್ದದ್ದು ಮೆಹಜಬೀನಳದು, ನನ್ನದು ಬೆನ್ನು. ಅವತ್ತು ಊಟಕ್ಕೆ ಕೂತಾಗ ಗಂಗವ್ವ ತಾಟು ಬಡಿದು ಎದ್ದಳು. "ಎಲ್ಲಾರೂ ಕೇಳ್ರಲೇ! ಹಾಸಿಗಿ ನುಂಗಾಕಿ ಸಿಕ್ಕಳ! ಈ ಗುಣ ಮೆಹಜಬೀನಂದು!" ಎಲ್ಲರೂ ಕೇಕೆ ಹಾಕಿದರು. ಮೆಹಜಬೀನ್ ನಾಚಿ ರೊಟ್ಟಿಯ ಹಿಂದೆ ಮುಖ ಮುಚ್ಚಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು. ಆ ಗುಣ ಎಂಥದ್ದು ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ತಿಳಿದದ್ದು, ಬಟ್ಟೆ ಮಾಯವಾದ ಸುದ್ದಿ ಕೇಳಿ ಹಾಸ್ಟೆಲಿಗೆ ಬಂದ ಡಂಬಳದ ಒಂದು ಮನೆಯವರಿಂದ. ಅವರ ಮನೆಯಲ್ಲಿ ತಲೆಮಾರುಗಳಿಂದ ಒಂದು ತೊಟ್ಟಿಲ ಬಟ್ಟೆ ಇದೆ. ಸವೆದು ಜರಡಿಯಾಗಿದೆ, ಆದರೂ ಪ್ರತಿ ಹೊಸ ಮಗುವನ್ನು ಒಂದು ದಿನವಾದರೂ ಅದರಲ್ಲಿ ಮಲಗಿಸುತ್ತಾರೆ. ಅವರ ಮುತ್ತಜ್ಜಿಯ ಮುತ್ತಜ್ಜಿಗೆ ಈ ಗುಡ್ಡದ ಮೇಲೆ ಸಿಕ್ಕಿದ್ದಂತೆ. ಅದರ ಹಸಿರು ಅಂಚು, ಅಂಚಿನಲ್ಲಿ ದಾರದಿಂದ ಹೊಲಿದ ನಮ್ಮ ಹಾಸ್ಟೆಲಿನ ಗುರುತು, ನಮ್ಮ ರೂಮ್ ನಂಬರು. ಅಂದರೆ ಮಡಚಿದ್ದು ಎಲ್ಲಿಯೂ ಹೋಗುತ್ತಿಲ್ಲ. ಇದೇ ಜಾಗದಲ್ಲಿ, ಹಿಂದಕ್ಕೆ, ನಿಮ್ಮ ಕಾಲದ ಕಡೆಗೆ ಜಾರುತ್ತಿದೆ. ಇದಕ್ಕೆ ಹಿಂಜಾರು ಗುಣ ಅನ್ನುತ್ತಾರೆ. ಎಲ್ಲ ಗುಣಗಳಲ್ಲಿ ಜನ ಹೆದರುವುದು ಇದೊಂದಕ್ಕೇ. ಒಂದು ಬಟ್ಟೆ ಹೋಗಿ ಒಂದು ಮಗು ಬೆಚ್ಚಗೆ ಮಲಗಿತು, ಸರಿ. ಇನ್ನೊಂದು ಯಾರದೋ ಕಾಲಿಗೆ ತೊಡರಿ ಅವರು ಬಿದ್ದು ಸತ್ತರೆ, ಇವತ್ತು ಇರುವ ಯಾರು ಇಲ್ಲವಾಗುತ್ತಾರೋ?

ಅದಕ್ಕೇ ಕಾಲದ ಕಚೇರಿ ಅಂತ ಒಂದಿದೆ. ಹಿಂಜಾರಿನವರನ್ನು ಅವರು ಕಾರವಾರದ ಆಚೆ, ಸಮುದ್ರದ ನಡುವಿನ ಒಂದು ದ್ವೀಪಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಬಟ್ಟೆ ಇಲ್ಲ, ಕಾಗದ ಇಲ್ಲ, ಮಡಚಲು ಬರುವ ಯಾವುದೂ ಇಲ್ಲ. ಬೆತ್ತದ ಗಟ್ಟಿ ಅಂಗಿ, ಹಲಗೆಯ ಹಾಸಿಗೆ. ಚೆನ್ನಾಗಿ ನೋಡಿಕೊಳ್ಳುತ್ತಾರೆ, ಮೀನು ಕೊಡುತ್ತಾರೆ, ಬೈಯುವುದಿಲ್ಲ. ವಾಪಸ್ ಕಳಿಸುವುದಿಲ್ಲ. ಪರೀಕ್ಷೆ ಮಾಡಿ ನೋಡುವುದೂ ಇಲ್ಲ, ಯಾಕೆಂದರೆ ಪರೀಕ್ಷೆಯೆಂದರೆ ಇನ್ನೊಂದು ವಸ್ತು ಹಿಂದಕ್ಕೆ ಹೋದ ಹಾಗೆಯೇ. ಕೂಗಿದ ಗುರ್ತೇ ಸಾಕು ಅವರಿಗೆ. ಮೆಹಜಬೀನಳ ಕೈಗೆ ಮರದ ಗವಸು ತೊಡಿಸಿದ್ದಾರೆ. ಇವತ್ತು ಸಂಜೆ ಗಾಡಿ ಬರುತ್ತದೆ.

ಈಗ ನನ್ನ ಮಾತು. ಮೆಹಜಬೀನ್ ಸೇರಿದ ದಿನದಿಂದ ನಮಾಜಿನ ಚಾಪೆಯನ್ನು ದಿನಾ ಒಬ್ಬಳೇ ಮಡಚಿ ಕಿಟಕಿಯಲ್ಲಿ ಇಡುತ್ತಿದ್ದಳು. ಗವಸು ಬರುವವರೆಗೂ ಇಟ್ಟಳು. ಅದು ಒಂದು ದಿನವೂ ಎಲ್ಲಿಗೂ ಹೋಗಲಿಲ್ಲ. ಇದನ್ನು ಗಂಗವ್ವನಿಗೆ ಹೇಳಿದೆ. "ಅದು ದೇವರದು, ಅದಕ್ಕ ಹೋಗಂಗಿಲ್ಲ. ಕೂಗಿದ್ದು ಕೂಗ್ಯಾತು ಬಿಡವಾ," ಅಂದಳು. ಆದರೆ ನಾನು ಮಡಚಿಟ್ಟ ಕರ್ಚೀಫುಗಳು? ಸೇರಿದಾಗಿನಿಂದ ಒಂದೊಂದೇ ಕಳೆಯುತ್ತಿದ್ದವು, ನಾನು ಅಗಸರ ಮೆಷಿನ್ನನ್ನು ಬೈದುಕೊಂಡಿದ್ದೆ. ಅದು ಹೊಳೆದ ದಿನದಿಂದ ನಾನು ಒಬ್ಬಳೇ ಏನನ್ನೂ ಮಡಚಿಲ್ಲ. ಬಟ್ಟೆಗಳನ್ನು ಉಂಡೆ ಮಾಡಿ ಟ್ರಂಕಿಗೆ ತುರುಕುತ್ತೇನೆ. ರೊಟ್ಟಿಯನ್ನೂ ಮಡಚದೆ ಮುರಿದು ತಿನ್ನುತ್ತೇನೆ. "ಏನವಾ ದಾಕ್ಷಾಯಣಿ, ನಿನ್ನ ಅರಬಿ ಎಮ್ಮಿ ಮೆದ್ದು ಉಗುಳಿದಂಗ ಅದಾವಲ್ಲ," ಅಂತ ರುದ್ರಕ್ಕ ದಿನಾ ಕೇಳುತ್ತಾರೆ. ನಕ್ಕು ಟ್ರಂಕಿನ ಮುಚ್ಚಳ ಒತ್ತುತ್ತೇನೆ. ತಿಳಿದುಕೊಳ್ಳಲು ಒಂದು ಹಾಳೆ ಸಾಕು. ತಿಳಿದುಬಿಟ್ಟರೆ ಅನ್ನುವ ಭಯಕ್ಕೆ ನನ್ನ ಬೆರಳುಗಳು ರಾತ್ರಿ ಹೊದಿಕೆಯ ಅಂಚನ್ನೂ ಮುಟ್ಟುವುದಿಲ್ಲ.

ನಿನ್ನೆ ಮೆಹಜಬೀನಳಿಗೇ ಹೇಳಿದೆ. ಚಾಪೆಯ ವಿಷಯ, ಕರ್ಚೀಫಿನ ವಿಷಯ ಎಲ್ಲ. ಅವಳು ಆಶ್ಚರ್ಯಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಮರದ ಗವಸಿನಿಂದ ನನ್ನ ತಲೆಗೆ ಮೆಲ್ಲಗೆ ಒಂದು ಕೊಟ್ಟಳು. "ಹುಚ್ಚಿ, ನಂದಲ್ಲ ಅಂದ್ರ ನಿಂದು ಅಂತಾತು. ಸುಮ್ನ ಕುಂದ್ರು," ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಸಮುದ್ರ ಭಾಳ ಸಪ್ಪಳ ಮಾಡ್ತೈತೇನ ದಾಕ್ಷಿ? ನಿದ್ದಿ ಬರ್ತೈತಿಲ್ಲೊ?" ಅಂತ ಕೇಳಿದಳು. ಅಂದರೆ ಅವಳಿಗೂ ಗೊತ್ತು. ಯಾವಾಗಿನಿಂದ ಗೊತ್ತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಇವತ್ತು ಅವಳ ಅಮ್ಮೀಜಾನ್ ಬಂದಿದ್ದಾರೆ, ಕಿಚಡಿ ಕಟ್ಟಿಕೊಂಡು. ಗವಸಿನ ಕೈಯಿಂದ ಉಣ್ಣಲಾಗದು ಅಂತ ತುತ್ತು ಮಾಡಿ ತಿನಿಸುತ್ತಿದ್ದರು. "ಉಣ್ಣು ಬೇಟಾ, ಅಲ್ಲೆ ಬರೇ ಮೀನ ಅಂತ. ನೀ ಮುಳ್ಳ ತಗ್ಯಾಕ ಇನ್ನೂ ಕಲ್ತಿಲ್ಲ." ನನಗೂ ಒಂದು ತುತ್ತು ಕೊಟ್ಟರು. ಮೆಹಜಬೀನ್ ಈ ವರ್ಷಕ್ಕೆ ಮೊದಲು ಮನೆ ಬಿಟ್ಟವಳಲ್ಲ, ಈಗಲೂ ಪ್ರತಿ ವಾರ ಓಡಿಹೋಗಿ ಅಮ್ಮೀಜಾನ್ ಪಕ್ಕದಲ್ಲಿ ಮಲಗಿ ಬರುತ್ತಾಳೆ. ನಾನಾದರೋ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೋಗಿ ರೂಢಿಯಾದವಳು. ದ್ವೀಪವೂ ಒಂದು ಹಾಸ್ಟೆಲೇ ತಾನೆ? ಮೆಸ್ಸಿನಲ್ಲಿ ಸಪ್ಪೆ ಊಟ, ಹೊರಗೆ ಹೋಗಲು ಪರ್ಮಿಷನ್ ಇಲ್ಲ, ಅಷ್ಟೇ. ಹೀಗೆಲ್ಲ ಲಾಜಿಕ್ ಹೇಳಿಕೊಳ್ಳುತ್ತೇನೆ. ಆದರೂ ಬರೆದದ್ದನ್ನೇ ಮತ್ತೆ ಮತ್ತೆ ಹೊಡೆದು ಬರೆಯುತ್ತಿದ್ದೇನೆ, ಕ್ಷಮಿಸಿ.

ನನ್ನದು ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಪದ್ಧತಿಯೇ ಹಾಗಿದೆ. ಅದಕ್ಕೆ ಎಲ್ಲರ ಕಣ್ಣೆದುರು, ಒಬ್ಬಳೇ, ಏನಾದರೂ ಮಡಚಿ ತೋರಿಸಬೇಕು. ಅಷ್ಟೂ ಜನ ಕಣ್ಣಾರೆ ಕಂಡ ಮೇಲೆ ಹಳೆಯ ಕೂಗು ನಿಲ್ಲುವುದಿಲ್ಲ. ಖಾಲಿ ಹಾಳೆ ಕಳಿಸಲು ಮನಸ್ಸಾಗಲಿಲ್ಲ. ಹಿಂದಕ್ಕೆ ಹೋಗುವುದೇ ಆದರೆ ಅತ್ತ ಕಡೆ ಒಬ್ಬರಿಗಾದರೂ ವಿಷಯ ಗೊತ್ತಿರಲಿ ಅಂತ ಇಷ್ಟೆಲ್ಲ ಬರೆದೆ. ಯಾರಿಗೂ ಪೆಟ್ಟಾಗದ ವಸ್ತು ಯಾವುದು ಅಂತ ತುಂಬ ಯೋಚಿಸಿದೆ. ಹಾಳೆ ಹಗುರ. ದಯವಿಟ್ಟು ನೀವು ಇದನ್ನು ಇಟ್ಟುಕೊಳ್ಳಬೇಡಿ. ಓದಿದ ಮೇಲೆ ಚೂರು ಚೂರು ಮಾಡಿ ಗಾಳಿಗೆ ಬಿಡಿ. ಯಾರದೋ ಟ್ರಂಕಿನಲ್ಲಿ ಉಳಿದು, ನಾನು ಹುಟ್ಟುವ ಮೊದಲೇ ಯಾರಾದರೂ ಓದಿ, ಈ ಹುಡುಗಿಗೆ ಹನಿ ಹಾಕುವುದೇ ಬೇಡ ಅಂದುಬಿಟ್ಟರೆ, ಡಂಬಳದ ಆ ಮಗುವಿಗೆ ಹೊದಿಕೆ ಇರುವುದಿಲ್ಲ. ಅದು ಚಳಿಯಲ್ಲಿ ಮಲಗುವುದು ನನಗೆ ಬೇಡ.

ಇದರಲ್ಲಿ ಒಂದು ಅನ್ಯಾಯ ಇದೆ, ನೋಡಿ. ಉತ್ತರ ನಿಮಗೆ ಆಗಲೇ ಗೊತ್ತು. ನನಗೆ ಇನ್ನೂ ಗೊತ್ತಿಲ್ಲ. ನಿಮ್ಮ ಕಡೆ ಈಗ ಬೆಳಗೋ ಸಂಜೆಯೋ, ನಿಮ್ಮ ಫ್ಯಾನುಗಳು ತಿರುಗುತ್ತಿವೆಯೇನೋ, ಅವುಗಳ ನೆರಳು ಈ ಸಾಲುಗಳ ಮೇಲೆ ಹಾದು ಹಾದು ಹೋಗುತ್ತಿದೆಯೇನೋ. ಅದನ್ನು ನೆನೆಸಿಕೊಂಡರೆ ಒಂಥರಾ ಸಮಾಧಾನ.

ಕಚೇರಿಯ ಗಾಡಿ ಗುಡ್ಡ ಹತ್ತುವುದು ಕಾಣುತ್ತಿದೆ. ಸಪ್ಪಳವೇ ಇಲ್ಲ ಅದಕ್ಕೆ, ಹುಲ್ಲು ಮಾತ್ರ ಬಾಗುತ್ತದೆ. ರುದ್ರಕ್ಕ ಬಾಗಿಲಲ್ಲಿ ನಿಂತಿದ್ದಾರೆ. ಗಂಗವ್ವ ಅಳುತ್ತಿದ್ದಾಳೆ. ಮೆಹಜಬೀನ್ ಚೀಲ ಹೊತ್ತು ಮೆಟ್ಟಿಲಿಳಿದು ಬಂದು, "ಏನ್ ಬರಿಯಾಕತ್ತೀಯೇ?" ಅಂದಳು. ಪ್ರಾಕ್ಟಿಕಲ್ ರೆಕಾರ್ಡ್ ಅಂದೆ. "ಇವತ್ತರೆ ಬಿಡವಾ ಮಾರಾಯ್ತಿ," ಅಂತ ನಕ್ಕಳು.

ಈಗ ಎದ್ದು ಅವರೆಲ್ಲರ ನಡುವೆ ನಿಂತು ಇದನ್ನು ಮಡಚುತ್ತೇನೆ. ಹಾಳೆ ಕೈಯಲ್ಲೇ ಉಳಿದರೆ ನನ್ನ ಲೆಕ್ಕ ತಪ್ಪು, ಗಾಡಿ ಅವಳನ್ನು ಹತ್ತಿಸಿಕೊಂಡು ಹೋಗುತ್ತದೆ, ಈ ಮಾತನ್ನು ಯಾರೂ ಓದುವುದಿಲ್ಲ.

ನೀವು ಓದಿದಿರಿ ಅಂದರೆ, ಮೆಹಜಬೀನ್ ತನ್ನ ಅಮ್ಮೀಜಾನ್ ಜೊತೆ ಮನೆಗೆ ಹೋದಳು.

ದಾಕ್ಷಾಯಣಿ