ಕಲ್ಲುಗೋರಿಯ ಬೀಗ

ಲಾನ್ವೆಲ್ ದ್ವೀಪ, ಬ್ರಿಟನಿ
೧೪ ಅಕ್ಟೋಬರ್ ೧೯೩೫, ಸೋಮವಾರ

ಪ್ರೀತಿಯ ಎನೋರಕ್ಕಾ,

ಹೇಗಿದ್ದೀಯ? ಮೀನಿನ ಕಾರ್ಖಾನೆಯ ಉಪ್ಪುನೀರಿಗೆ ಬಿರಿದ ನಿನ್ನ ಕೈಗಳು ವಾಸಿಯಾದವೆ? ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲ, ಬೈಯಬೇಡ. ಕೂಗಿ ಕೂಗಿ ಗಂಟಲು ಹೋಗಿದೆ, ಕೈಯೂ ಸೋತಿದೆ.

ನಮ್ಮ ಕಲ್ಲುಗೋರಿಯ ಬಾಯಿಗೆ ಪುರಾತತ್ವ ಇಲಾಖೆಯವರು ಕಬ್ಬಿಣದ ಬಾಗಿಲಿಟ್ಟು ಬೀಗ ಜಡಿದರು. ಅದೇ ವಾರ ಬಿರುಗಾಳಿಯಲ್ಲಿ ಕತೆಲ್ ಅಜ್ಜಿಯ ಇಬ್ಬರು ಮಕ್ಕಳ ದೋಣಿ ಮುಳುಗಿತು. ಹೆಣಗಳು ಸಿಗಲಿಲ್ಲ. ಹೆಣದ ಬದಲಿಗೆ ಮಾಡಿದ ಮೇಣದ ಶಿಲುಬೆಗಳನ್ನು ಎದೆಗವಚಿಕೊಂಡು ಅಜ್ಜಿ ವಾಡಿಕೆಯಂತೆ ಗೋರಿಯಲ್ಲಿಡಲು ಹೋದರೆ ಎದುರಿಗೆ ಇಲಾಖೆಯ ಸಾಹೇಬ.

"ಐದು ಸಾವಿರ ವರ್ಷದ್ದು ಕಣಮ್ಮಾ ಇದು. ಮೇಣ, ಮಸಿ ತಗುಲಿದ್ರೆ ಕೆತ್ತನೆ ಹಾಳಾಗುತ್ತೆ. ಯಾರನ್ನೂ ಒಳಗೆ ಬಿಡೋ ಹಾಗಿಲ್ಲ."

"ಗೋರಿಯೊಳಗೆ ಸತ್ತವರನ್ನ ಬಿಡಲ್ಲ ಅಂದ್ರೆ ಇನ್ಯಾರನ್ನ ಬಿಡ್ತೀಯಪ್ಪಾ, ಮದುವೆ ದಿಬ್ಬಣಾನಾ?"

ಯಾರೂ ನಗಲಿಲ್ಲ. ಸಾಹೇಬ ಬೀಗದ ಕೈ ಜೇಬಿಗಿಳಿಸಿ ಪಟ್ಟಣಕ್ಕೆ ಹೋದ.

ನಾನು ಊರವರನ್ನು ಸೇರಿಸಿದೆ, ಅರ್ಜಿ ಬರೆದೆ, ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ನಿಂತು ಮಾತಾಡಿದೆ. ಆ ಬಂಡೆಗಳನ್ನು ಎಳೆದು ತಂದವರು ನಮ್ಮಂಥ ಕೂಲಿಗಳು, ಎಳೆದವರ ಮಕ್ಕಳಿಗೇ ಬೀಗವೇ ಎಂದು ಕೇಳಿದೆ. ಅಮ್ಮ ಬಲೆ ಹೆಣೆಯುತ್ತಾ ತಲೆಯೆತ್ತದೆ ಹೇಳಿದಳು: "ಮೊನ್ನೆವರೆಗೂ ನೀನೇ ಶಿಲುಬೆ ಎಲ್ಲ ಪಾದ್ರಿಗಳ ಮಂಕುಬೂದಿ ಅಂತಿದ್ದೆ. ನಿನ್ನ ಪಕ್ಷದ ಕರಪತ್ರದಲ್ಲಿ ಈಗ ಬೇರೆ ಬರೆದಿದ್ದಾರೇನೋ? ಭಾಷಣ ಸಾಕು, ಹಾರೆ ತಗೊಂಡು ಹೋಗು."

ನಿನ್ನೆ ಚರ್ಚಿನ ಪೂಜೆ ಮುಗಿಸಿ ಬಂದ ಇಡೀ ಊರು ನೋಡುತ್ತಿದ್ದಾಗಲೇ ಬೀಗ ಒಡೆದೆ. ಅಜ್ಜಿ ಬಗ್ಗಿಕೊಂಡು ಒಳಗೆ ಹೋಗಿ, ಕೊನೆಯ ಕಲ್ಲಿನ ಬುಡದಲ್ಲಿ ಮಕ್ಕಳನ್ನು ಮಲಗಿಸಿ ಬಂದಳು. ಇದನ್ನು ಗೆಲುವು ಎಂದುಕೊಳ್ಳಬೇಕಿತ್ತು, ಅಕ್ಕಾ. ನನಗೆ ಬಾಗಿಲಲ್ಲೇ ಕುಸಿದು ಕೂರುವಷ್ಟು ಆಯಾಸವಾಯಿತು. ಶನಿವಾರದ ದೋಣಿಗೆ ಪೊಲೀಸರು ಹೊಸ ಬೀಗ ತರುತ್ತಾರಂತೆ. ನನ್ನನ್ನು ಕರೆದುಕೊಂಡು ಹೋಗಲಿ, ನಿದ್ದೆಯಾದರೂ ಬರುತ್ತದೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ತನ್ನ ಕರಿಯ ಶಾಲನ್ನು ಇದರ ಜೊತೆಗೆ ಕಳಿಸುತ್ತಿದ್ದಾಳೆ. ದೇವರನ್ನು ನಂಬದ ನನ್ನದೂ ಒಂದು ಹಾರೈಕೆ ಇರಲಿ.

ನಿನ್ನ ತಮ್ಮ,
ತುದುಆಲ್

ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ: ಕತೆಲ್ ಅಜ್ಜಿಯ ಮಕ್ಕಳ ಆ ದೋಣಿಯ ಆಳೊಬ್ಬನಿಗೆ ಜ್ವರ ಬಂದು, ಹೊರಡುವ ಬೆಳಿಗ್ಗೆ ಅವನ ಬದಲು ನಮ್ಮ ಗುಲ್ವೆನ್ ಭಾವ ಹತ್ತಿದ್ದರು. ಅವರ ಶಿಲುಬೆ ನಮ್ಮ ಮೇಜಿನ ಮೇಲೆ, ಅವರ ಟೋಪಿಯ ಪಕ್ಕದಲ್ಲಿದೆ. ಹೆಂಡತಿಯ ಕೈಯಿಂದಲೇ ಗೋರಿಯೊಳಗೆ ಹೋಗಬೇಕೆಂದು ಅಮ್ಮ ಯಾರಿಗೂ ಮುಟ್ಟಗೊಡುತ್ತಿಲ್ಲ. ಶನಿವಾರದೊಳಗೆ ಬಾ ಅಕ್ಕಾ. ಅಲ್ಲಿಯವರೆಗೆ ನಾನು ಬಾಗಿಲಲ್ಲೇ ಕೂತಿರುತ್ತೇನೆ.