ನೀಲಗಂಗಜ್ಜಿ ಬರೆಯದ ಮೃತ್ಯುಪತ್ರ

ಬಿಸಿಲುಮಾಸದ ಒಂಬತ್ತನೆಯ ದಿನ, ಇಸವಿ ೨೧೬೮
ನೆರಳುಕೇರಿ, ಹುಬ್ಬಳ್ಳಿ

ಪೂಜ್ಯ ನೀಲಗಂಗಜ್ಜಿಯವರಿಗೆ ಇರಾವತಿಯ ಶರಣು.

ಹನ್ನೆರಡು ತಿಂಗಳಲ್ಲಿ ಬೇಸಿಗೆ ಹಿಡಿಸದೆ ಹೋದಾಗ ನಮ್ಮವರು ಹದಿಮೂರನೆಯದೊಂದನ್ನು ಸೇರಿಸಿಕೊಂಡರು, ಅದೇ ಬಿಸಿಲುಮಾಸ. ನನ್ನ ಇಂಥ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಅಂಬಕ್ಕನ ಮರಿಮಗಳ ಮಗಳು. ಹೌದು, ಈಗ ನಿಮ್ಮ ಖಾನಾವಳಿಯಲ್ಲಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುವ, ನೀವು ಹೆರದೆ ಸಾಕಿದ ಅದೇ ಅಂಬಕ್ಕ.

ನಾವಿಲ್ಲಿ ಬೀದಿಗೆಲ್ಲ ಚಾವಣಿ ಹೊದಿಸಿಕೊಂಡು ಬದುಕುತ್ತೇವೆ. ಜೋಳ ಆ ಚಾವಣಿಯ ಮೇಲೆಯೇ ಬೆಳೆಯುತ್ತದೆ. ರೊಟ್ಟಿಯನ್ನು ಯಂತ್ರ ಬಡಿಯುತ್ತದೆ, ರುಚಿ ಅಷ್ಟಕ್ಕಷ್ಟೆ. ಕೋರ್ಟಿನ ಪಕ್ಕದಲ್ಲಿ ಉಳಿದನಿಮನೆ ಇದೆ. ಮೃತ್ಯುಪತ್ರ ಬರೆಯದೆ ಹೋದವರ ದನಿಯನ್ನು, ಅವರ ಫೋನಿನಲ್ಲಿ ಉಳಿದ ಮಾತುಗಳಿಂದ ಕೂಡಿಸಿ, ಆಸ್ತಿ ಇತ್ಯರ್ಥವಾಗುವವರೆಗೂ ಅಲ್ಲಿ ಎಚ್ಚರವಾಗಿಡುತ್ತಾರೆ. ಅದೇ ಉಳಿದನಿ. ಬದುಕಿದ್ದಾಗ ಆಡಿದ್ದನ್ನು ಬಿಟ್ಟು ಅದು ಹೊಸದೇನನ್ನೂ ಆಡದು. ಆದರೆ ನಡುನಡುವೆ ಉಸಿರೆಳೆದುಕೊಳ್ಳುತ್ತದೆ. ಅದನ್ನು ಕೇಳಿದರೆ ನನಗೆ ಹೆದರಿಕೆ.

ನಿಮ್ಮದೂ ಅಲ್ಲಿದೆ, ಅಜ್ಜಿ.

ನಿಮ್ಮಲ್ಲಿ ಉಣ್ಣಲು ಬರುವ ವಕೀಲರು “ಅವ್ವಾರ, ಮನಿ ಯಾರಿಗಂತ ಒಂದ್ ಮೃತ್ಯುಪತ್ರ ಬರದಿಡ್ರಿ” ಎಂದಾಗಲೆಲ್ಲ ನೀವು ಹೌಹಾರಿ, “ಉಣ್ಣೂ ಹೊತ್ತಿನ್ಯಾಗ ಎಂಥಾ ಮಾತ್ರೀ! ಬಿಡ್ತು ಅನ್ರಿ!” ಎನ್ನುತ್ತಿದ್ದಿರಂತೆ. ಪಾಪ, ಅವರೂ ಬಿಡ್ತು ಎಂದು ಅನ್ನ ಕಲಸಿಕೊಳ್ಳುತ್ತಿದ್ದರು. ಅಪಶಕುನ ಅಲ್ಲಿಗೆ ಮುಗಿಯಿತೆಂದು ನೀವು ನಂಬಿದಿರಿ.

ಮುಗಿಯಲಿಲ್ಲ. ನಿಮ್ಮ ಪಾಲಿಗೆ ಇದಿನ್ನೂ ನಡೆದಿಲ್ಲ, ನಮ್ಮ ಪಾಲಿಗೆ ನಡೆದುಹೋಗಿದೆ. ರೊಟ್ಟಿ ಮಾರಿ ನೀವು ಕಟ್ಟಿಸಿದ ಮನೆ ನಿಮ್ಮ ಮೈದುನರ ಮಕ್ಕಳಿಗೆ ಹೋಯಿತು. ನೀವು ವಿಧವೆಯಾದಾಗ ನಿಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿದವರ ಮಕ್ಕಳಿಗೇ. ಕಾಗದ ಬರೆಯದೆ ಸತ್ತ, ಮಕ್ಕಳಿಲ್ಲದ ವಿಧವೆಯ ಗಳಿಕೆ ಗಂಡನ ಕಡೆಯವರದಂತೆ. ಸಾಕುಮಗಳು ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಅಂಬಕ್ಕ ರೊಟ್ಟಿಹಂಚೊಂದನ್ನು ಚೀಲಕ್ಕೆ ಹಾಕಿಕೊಂಡು ಗದಗಿನ ಬಸ್ಸು ಹತ್ತಿದಳು. ಮೈದುನರ ವಂಶದವರೋ, ಪಾಲಿಗಾಗಿ ಇವತ್ತಿಗೂ ಬಡಿದಾಡುತ್ತಿದ್ದಾರೆ. ಅದಕ್ಕೇ ನಿಮಗೆ ಬಿಡುಗಡೆಯಿಲ್ಲ.

ಹೋದ ವಾರ ನಾನು ಉಳಿದನಿಮನೆಯ ವಿಚಾರಣೆಗೆ ಹೋಗಿದ್ದೆ. ವಾರಸುದಾರಳಲ್ಲದ ನನಗೆ ಪ್ರಶ್ನೆ ಕೇಳುವ ಹಕ್ಕಿಲ್ಲ; ಹಿಂದಿನ ಬೆಂಚಿನಲ್ಲಿ ಕೂತೆ. ಮನೆ ಯಾರಿಗೆಂದು ಮೈದುನರ ವಂಶದವನೊಬ್ಬ ಕೇಳಿದ. “ಬಿಡ್ತು ಅನ್ರಿ!” ಎಂದಿತು ನಿಮ್ಮ ದನಿ. ಅಂಬಕ್ಕ ಯಾರೆಂದು ನ್ಯಾಯಾಧೀಶರು ಕೇಳಿದರು. “ಅಕಿ ನನ್ನ ಮಗಳ. ಇದೆಲ್ಲಾ ಅಕೀದ.” ಅಷ್ಟು ಸ್ಪಷ್ಟವಾಗಿ! ಅವರು ಕಣ್ಣೊರೆಸಿಕೊಂಡರು, ಬಾಯಿಮಾತು ಕಾಗದವಾಗದು ಎಂದರು, ಮುಂದಿನ ತಾರೀಖು ಕೊಟ್ಟರು. ನನಗೆ ಸಿಟ್ಟು ಬಂತು ಅಜ್ಜಿ, ನಿಮ್ಮ ಮೇಲೆಯೇ.

ಒಂದು ಬಿಳಿ ಹಾಳೆ ಸಾಕು. ಮನೆ ಅಂಬಕ್ಕನಿಗೆ ಎಂದು ಬರೆದು, ಇಬ್ಬರ ಎದುರು ಸಹಿ ಮಾಡಿ, ಅವರಿಂದಲೂ ಸಾಕ್ಷಿ ಸಹಿ ಹಾಕಿಸಿ. ಬರೆದದ್ದರಿಂದ ಯಾರೂ ಸತ್ತಿಲ್ಲ.

ಇನ್ನೊಂದನ್ನು ಮುಚ್ಚಿಡಲಾರೆ. ಮನೆ ಕಳೆದುಕೊಂಡು ಗದಗಿಗೆ ಹೋದದ್ದರಿಂದಲೇ ಅಂಬಕ್ಕನಿಗೆ ಅಲ್ಲಿ ಮದುವೆಯಾಯಿತು. ನಾವೆಲ್ಲ ಆ ಸಂಸಾರದ ಕುಡಿಗಳು. ಅವಳು ಹುಬ್ಬಳ್ಳಿಯಲ್ಲೇ ಉಳಿದರೆ ನಾನು ಹುಟ್ಟಲಿಕ್ಕಿಲ್ಲ. ಆದರೂ ಬರೆಯಿರಿ, ಅಜ್ಜಿ. ಅವಳು ತನ್ನ ಮನೆಯಲ್ಲಿರಲಿ. ನೀವು ಮಲಗಿ.