ಸೆರಗಿನ ಗಂಟಿನಲ್ಲಿ ಒಂಬತ್ತು ಗುಳಿಗೆ

ಚಿಕ್ಕೋಡಿ, ಫೆಬ್ರವರಿ 30, 2187

ಹಿಂದಿನ ಕಾಲದ ದಾದಿಯರಿಗೆ ದಿಲ್‌ಶಾದ್ ನದಾಫಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಮ್ಮ ರಜೆ ಮಾತ್ರ ಒಂದೂ ಹೆಚ್ಚಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಇವತ್ತು ಎದೆ ಎಷ್ಟು ಹಗುರಾಗಿದೆಯೆಂದರೆ, ಯಾರಿಗಾದರೂ ಬರೆಯದೆ ಇರಲಾರೆ.

ನಮ್ಮ ವಾರ್ಡಿನಲ್ಲಿ ನಾಡಿಹಾಸಿಗೆಗಳಿವೆ. ರೋಗಿ ಮಲಗಿದರೆ ಸಾಕು, ಎದೆಬಡಿತ, ಜ್ವರ, ತೂಕ ಎಲ್ಲವನ್ನೂ ಅವೇ ಓದಿ ಹೇಳುತ್ತವೆ. ತಲೆದೆಸೆಯಲ್ಲಿ ರೂಢಿಚೀಟಿ ಎಂಬ ಹಲಗೆ ಬೆಳಗುತ್ತಿರುತ್ತದೆ. ರೋಗಿಯ ಹೆಸರು, ಊರು, ಜಾತಿ, ಧರ್ಮ ನೋಡಿ ಅವರ ಆಚಾರ ಏನೆಂದು ಯಂತ್ರವೇ ಬರೆದುಬಿಡುತ್ತದೆ. ಅದನ್ನು ಓದಿ ನಡೆದುಕೊಂಡರೆ ನಮ್ಮ ಕೆಲಸ ಮುಗಿಯಿತೆಂದು ಹನ್ನೊಂದು ವರ್ಷ ಬೀಗಿದವಳು ನಾನು. ಅಂಥ ಜಂಬ ನನಗೆ.

ಈ ತಿಂಗಳು ತ್ರಿಶಲವ್ವ ಮಗದುಮ್ ಎಂಬ ಎಪ್ಪತ್ತೆಂಟರ ಅಜ್ಜಿ ಬಂದರು. ಎದೆಬಡಿತ ತಾಳ ತಪ್ಪಿತ್ತು. ಚೀಟಿ ಹೇಳಿತು: ಜೈನರು, ಈರುಳ್ಳಿ ಬೆಳ್ಳುಳ್ಳಿ ಬೇಡ. ಅಡುಗೆಮನೆಯವರ ಜೊತೆ ಜಗಳ ಆಡಿಯಾದರೂ ಬೇರೆ ಪಾತ್ರೆಯಲ್ಲೇ ಅಡುಗೆ ಮಾಡಿಸಿದೆ. ದಿನಾ ಸಂಜೆ ಏಳಕ್ಕೆ ಬಡಿತ ಹದಕ್ಕೆ ತರುವ ಗುಳಿಗೆಯನ್ನು ಅವರ ಅಂಗೈಗಿಟ್ಟು, ಪಕ್ಕದಲ್ಲಿ ನೀರಿಟ್ಟು, ಕೊಟ್ಟಿದ್ದೇನೆಂದು ಬರೆದು ಮುಂದಿನ ಹಾಸಿಗೆಗೆ ಓಡುತ್ತಿದ್ದೆ. ನುಂಗುವವರೆಗೂ ನಿಲ್ಲಬೇಕೆಂಬ ನಿಯಮ ಗೊತ್ತಿಲ್ಲದವಳಲ್ಲ. ಅಜ್ಜಿ ನಗುನಗುತ್ತಾ ತಗೊಳ್ಳುತ್ತಿದ್ದರು, ಅಷ್ಟೇ ಸಾಕಾಯಿತು ನನಗೆ.

ಒಂಬತ್ತು ದಿನ ಕಳೆದರೂ ಬಡಿತ ಸರಿಹೋಗಲಿಲ್ಲ. ಗುಳಿಗೆ ನಾಟುತ್ತಿಲ್ಲ, ಎದೆ ಕೊಯ್ಯುವುದೊಂದೇ ದಾರಿ ಎಂದರು ಡಾಕ್ಟರು. ಆ ವಯಸ್ಸಿಗೆ ಅಜ್ಜಿ ಆಪರೇಷನ್ ಮೇಜಿನಿಂದ ಎದ್ದು ಬರುವುದೇ ಅನುಮಾನವಾಗಿತ್ತು.

ಹತ್ತನೇ ದಿನ ಬೆಳಿಗ್ಗೆ ಸೀರೆ ಬಿಚ್ಚಿ ಆಪರೇಷನ್ನಿನ ಅಂಗಿ ತೊಡಿಸಲು ಹೋದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂಬತ್ತೂ ಗುಳಿಗೆಗಳನ್ನು ನನ್ನ ಕೈಗೆ ಸುರಿದರು.

“ತಗೋಳವ್ವಾ, ಇವು ನಿಮ್ಮವ. ಬೇಕಾದವರಿಗೆ ಕೊಡು, ಹಾಳ ಮಾಡಬ್ಯಾಡ. ಹೊತ್ತ ಮುಣಗಿದ ಮ್ಯಾಲೆ ನಾ ನೀರೂ ಮುಟ್ಟಂಗಿಲ್ಲ. ನೀ ಇಷ್ಟ ಅಕ್ಕರತಿಲೆ ತಂದ ಕೊಡತಿದ್ದಿ, ಬ್ಯಾಡ ಅಂದ್ರ ನಿನಗ ಬ್ಯಾಸರ ಆಕ್ಕೈತಿ ಅಂತ ಇಟ್ಟಕೊಂಡ್ನಿ.”

ರೂಢಿಚೀಟಿಯಲ್ಲಿ ಈ ವ್ರತದ ಮಾತೇ ಇರಲಿಲ್ಲ. ಸಂಜೆಯ ಗುಳಿಗೆಯನ್ನು ಬೆಳಿಗ್ಗೆ ನುಂಗಿದರೆ ಏನಾದೀತೋ ಎಂದು ಅಂಜಿ ಹಾಗೇ ಕಟ್ಟಿಟ್ಟಿದ್ದರಂತೆ. ಗುಳಿಗೆಗಳನ್ನು ಮುಷ್ಟಿಯಲ್ಲಿ ಹಿಡಿದು ಡಾಕ್ಟರ ಬಳಿಗೆ ಓಡಿದೆ, ನನ್ನ ತಪ್ಪನ್ನೂ ಒಪ್ಪಿಕೊಂಡೆ. ಬೈದರು, ಬೈಯಲೇಬೇಕಿತ್ತು. ಆಮೇಲೆ ಆಪರೇಷನ್ ನಿಲ್ಲಿಸಿ, ಗುಳಿಗೆಯ ಹೊತ್ತನ್ನು ಸಂಜೆ ಐದಕ್ಕೆ ತಂದರು. ಈಗ ನಾನು ಅವರು ನುಂಗುವವರೆಗೂ ಪಕ್ಕದಲ್ಲೇ ನಿಲ್ಲುತ್ತೇನೆ. ಆರೇ ದಿನಕ್ಕೆ ಬಡಿತ ಹದಕ್ಕೆ ಬಂತು. ಇವತ್ತು ಅಜ್ಜಿ ಮಗಳ ಕೈಹಿಡಿದು ನಡೆದೇ ಮನೆಗೆ ಹೋದರು. ನಾನು ಔಷಧಿ ಕೋಣೆಯಲ್ಲಿ ಕೂತು ಮನಸಾರೆ ಅತ್ತೆ.

ನಿಮ್ಮಲ್ಲಿ ನಾಡಿಹಾಸಿಗೆ ಇನ್ನೂ ಬಂದಿರಲಿಕ್ಕಿಲ್ಲ. ರೂಢಿಚೀಟಿಯಂತೂ ನಿಮ್ಮ ತಲೆಯಲ್ಲೇ ಇದೆ: ಇವರು ಇಂಥವರು, ಇವರಿಗೆ ಇದು ಆಗದು ಎಂದು. ಅದನ್ನು ಪೂರ್ತಿ ನಂಬಬೇಡಿ, ರೋಗಿಯನ್ನೇ ಕೇಳಿ. ಈ ಹೊತ್ತಿನಲ್ಲಿ ಕೊಡಬಹುದೇ, ಈ ಕೈಯಿಂದ ಆದೀತೇ, ನಾನು ಮುಟ್ಟಬಹುದೇ ಎಂದು ಕೇಳಿ. ನನ್ನನ್ನು ಉಳಿಸಿದ್ದು ಆ ಅಜ್ಜಿಯ ಒಳ್ಳೆಯತನ. ನಾನು ಕೊನೆಯವರೆಗೂ ಕೇಳಲೇ ಇಲ್ಲ, ಅವರಾಗಿಯೇ ಹೇಳಿದರು.